ಧ್ವನಿ ಏರಿಸದವನು

ನಮ್ಮ ಕೇಂದ್ರದಲ್ಲಿ ಹೊಡೆದವರಿಗೆ ಬಿಸ್ಕತ್ತು ಕೊಡುತ್ತಾರೆ, ಹೊಡೆಸಿಕೊಂಡವರಿಗೆ ಕರಪತ್ರ ಕೊಡುತ್ತಾರೆ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಹೆಂಡತಿಗೆ ಹೊಡೆದು ಕೋರ್ಟಿನ ಮೆಟ್ಟಿಲು ಹತ್ತಿದ ಗಂಡಸರಿಗೆ ಶನಿವಾರ ಮಧ್ಯಾಹ್ನ ಕೆಳಗಿನ ಹಾಲ್‌ನಲ್ಲಿ ತರಗತಿ ನಡೆಯುತ್ತದೆ. ದುಂಡಗೆ ಹಾಕಿದ ಕುರ್ಚಿಗಳು, ಮಧ್ಯದ ಸ್ಟೂಲಿನ ಮೇಲೆ ಚಹಾದ ಫ್ಲಾಸ್ಕು, ಕ್ರೀಮ್ ಬಿಸ್ಕತ್ತಿನ ತಟ್ಟೆ. ಅವರಿಗೆ ಮುಜುಗರ ಆಗಬಾರದಂತೆ. ಹೆಂಗಸರ ವಿಭಾಗ ಮಹಡಿಯ ಮೇಲೆ. ಅಲ್ಲಿ ಒಂದು ಉದ್ದನೆಯ ಬೆಂಚು, ಅಳುವವರಿಗೆ ಟಿಶ್ಯೂ ಡಬ್ಬಿ, ಗೋಡೆಯ ಮೇಲೆ ‘ನೀವು ಒಂಟಿಯಲ್ಲ’ ಎಂಬ ಚಿತ್ರಪಟ. ಚಿತ್ರದಲ್ಲಿರುವ ಹೆಂಗಸು ಮಾತ್ರ ಒಬ್ಬಳೇ ಕೂತಿದ್ದಾಳೆ.

ನನ್ನ ಮೇಜು ಆ ಬೆಂಚಿನ ಪಕ್ಕದಲ್ಲಿದೆ. ಕೆಳಗೆ ಗಂಡಂದಿರು ಪಾಠ ಕೇಳುತ್ತಿರುವಾಗ ಮೇಲಿನಿಂದ ಅವರ ಹೆಂಡತಿಯರಿಗೆ ಫೋನ್ ಮಾಡುವುದು ನನ್ನ ಕೆಲಸ. ಆ ಹೊತ್ತನ್ನು ಬೇಕೆಂದೇ ಆರಿಸಿಕೊಂಡಿದ್ದೇವೆ. ಗಂಡ ನಮ್ಮ ಹಾಲ್‌ನಲ್ಲಿ ಕೂತಿದ್ದರೆ ಹೆಂಡತಿಯ ಪಕ್ಕದಲ್ಲಿ ಕೂತು ಕಿವಿ ಕೊಡಲು ಆಗುವುದಿಲ್ಲವಲ್ಲ. ಮೆಟ್ಟಿಲ ತಿರುವಿನಲ್ಲಿ ಒಂದು ಗಾಜಿನ ಕಿಟಕಿ ಇದೆ. ಅಲ್ಲಿ ನಿಂತು ಗಂಡ ಬಂದಿದ್ದಾನೆ ಎಂದು ಕಣ್ಣಾರೆ ನೋಡಿದ ಮೇಲೆಯೇ ನಾನು ಅವನ ಹೆಂಡತಿಯ ನಂಬರ್ ಒತ್ತುವುದು. ಕೇಳಬೇಕಾದ ಪ್ರಶ್ನೆಗಳೂ ನಿಗದಿಯಾಗಿವೆ. ಈ ವಾರ ಹೊಡೆದನಾ, ತಳ್ಳಿದನಾ, ಕೂಗಾಡಿದನಾ, ಸಾಮಾನು ಎಸೆದನಾ, ಕುಡಿದು ಬಂದನಾ. ಎಲ್ಲದಕ್ಕೂ ‘ಇಲ್ಲ’ ಎಂದು ಬಂದರೆ ನಮ್ಮ ಡಾಕ್ಟರಿಗೆ ಆ ದಿನ ಊಟ ಸೇರುತ್ತದೆ.

ತರಗತಿ ನಡೆಸುವವರು ಅವರೇ. ಮನಸ್ಸಿನ ಡಾಕ್ಟರು. ಕೆಟ್ಟವರಲ್ಲ, ಅದೇ ತೊಂದರೆ. ತಾವು ಒಳ್ಳೆಯವರಾದ್ದರಿಂದ ಒಳ್ಳೆಯ ಮಾತು ಯಾರ ಕೈಗೆ ಸಿಕ್ಕರೂ ಒಳ್ಳೆಯದೇ ಆಗುತ್ತದೆ ಎಂದು ನಂಬಿದವರು. ಅವರ ಮೆಚ್ಚಿನ ಪಾಠಕ್ಕೆ ‘ಮಾತುಕತೆ’ ಎಂದು ಹೆಸರು. ವಾರಕ್ಕೊಮ್ಮೆ ಗಂಡ ಹೆಂಡತಿ ಎದುರುಬದುರು ಕೂತು, ಜಗಳಕ್ಕೆ ಕಾರಣವಾದ ಒಂದು ವಿಷಯವನ್ನು ಮಾತಾಡಿ ಬಗೆಹರಿಸಿಕೊಳ್ಳಬೇಕು. ಮಕ್ಕಳ ಕಿವಿಗೆ ಬೀಳದ ಜಾಗ ಆಗಿರಬೇಕು, ಬಾಗಿಲು ಹಾಕಿರಬೇಕು, ಮೊಬೈಲು ಆಚೆ ಇಟ್ಟಿರಬೇಕು. ಧ್ವನಿ ಏರಿಸಬಾರದು. ಅರ್ಧಕ್ಕೆ ಎದ್ದು ಹೋಗಬಾರದು. ಏನಾದರೊಂದು ಒಪ್ಪಂದಕ್ಕೆ ಬಂದೇ ಏಳಬೇಕು. ಡಾಕ್ಟರ ಮನೆಯಲ್ಲಿ ಹೀಗೆ ಮಾತಾಡಿದರೆ ಜಗಳ ನಿಜವಾಗಿಯೂ ಮುಗಿಯುತ್ತದಂತೆ. ಅದನ್ನೇ ಭಕ್ತಿಯಿಂದ ತಂದು ಈ ಗಂಡಸರಿಗೆ ಬಡಿಸಿದರು.

ಆ ತರಗತಿಯ ಮುತ್ತು, ಮಾಣಿಕ್ಯ ಎಲ್ಲ ಒಬ್ಬನೇ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಇಸ್ತ್ರಿ ಮಾಡಿದ ಅಂಗಿ, ಸಣ್ಣಗೆ ಕತ್ತರಿಸಿದ ಮೀಸೆ, ಮೈಯಿಂದ ಕಾರಿನೊಳಗೆ ತೂಗುಹಾಕುವ ಸುಗಂಧದ ಬಿಲ್ಲೆಯ ವಾಸನೆ. ಹಣ್ಣಿನ ವಾಸನೆಯಂತೆ ಅದು, ಯಾವ ಹಣ್ಣೂ ಹಾಗೆ ನಾರುವುದಿಲ್ಲ. ಸ್ಟೀರಿಂಗ್ ಹಿಡಿದು ನಡುಗುವವರಿಗೆ ತಾಳ್ಮೆಯಿಂದ ಕಲಿಸುವುದರಲ್ಲಿ ಅವನದು ಎತ್ತಿದ ಕೈ ಎಂದು ಹೆಸರಿತ್ತು. ಅದೇ ಕೈಯಿಂದ ಹೆಂಡತಿಯ ಭುಜದ ಮೂಳೆ ಮುರಿದಿದ್ದ. ತರಗತಿ ಮುಗಿಯುವವರೆಗೆ ಅಕ್ಕನ ಮನೆಯಲ್ಲಿ ಇರಬೇಕು, ಸುಧಾರಿಸಿದ್ದಾನೆ ಎಂದು ಕೇಂದ್ರ ಬರೆದುಕೊಟ್ಟರೆ ಮಾತ್ರ ಹೆಂಡತಿ ಮಗಳಿರುವ ಮನೆಗೆ ವಾಪಸು ಹೋಗಬಹುದು ಎಂದು ಕೋರ್ಟು ಹೇಳಿತ್ತು. ಭಾನುವಾರಗಳಂದು ಹೆಂಡತಿಯನ್ನು ಭೇಟಿಯಾಗಿ ‘ಮಾತುಕತೆ’ ಅಭ್ಯಾಸ ಮಾಡಲು ಕೇಂದ್ರವೇ ಅನುಮತಿ ಕೊಟ್ಟಿತ್ತು.

ಅವನು ತಾನು ಮಾಡಿದ್ದನ್ನು ಹಾಲ್‌ನಲ್ಲಿ ಹೇಳುವ ಚಂದವನ್ನು ನೀವು ನೋಡಬೇಕಿತ್ತು. ಮೊದಲ ಸಲ ತಡವರಿಸಿದ್ದ. ಎರಡನೆಯ ಸಲ ಕಣ್ಣು ಒರೆಸಿಕೊಂಡ. ಆಮೇಲೆ ಎಲ್ಲಿ ನಿಲ್ಲಿಸಬೇಕು, ಎಲ್ಲಿ ಗಂಟಲು ಕಟ್ಟಬೇಕು ಎಂಬುದೆಲ್ಲ ಅವನಿಗೆ ಕರಗತವಾಯಿತು. ಮೂಳೆ ಮುರಿದ ಸದ್ದಿನ ಹತ್ತಿರ ಬಂದಾಗ ಕಣ್ಣು ಮುಚ್ಚುತ್ತಿದ್ದ. ಉಳಿದ ಗಂಡಸರು ಮೂಗು ಸೇದುತ್ತಿದ್ದರು, ಡಾಕ್ಟರು ಅವನ ಬೆನ್ನು ಸವರುತ್ತಿದ್ದರು. ಕಿಟಕಿಯ ಬಳಿ ನಿಂತ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಇನ್ನೊಬ್ಬಳ ಮುರಿದ ಮೂಳೆಯಿಂದ ಚಪ್ಪಾಳೆ ಗಿಟ್ಟಿಸುವುದನ್ನು ನಾನು ಅವನಲ್ಲೇ ಮೊದಲು ಕಂಡೆ.

ಅವನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದಲ್ಲಿದ್ದಳು. ನಾವು ಅವಳನ್ನು ಕನ್ನಡಕದವಳು ಎಂದೇ ಕರೆಯುತ್ತಿದ್ದೆವು. ಶನಿವಾರ ಫೋನ್ ಮಾಡಿದಾಗ ಹಿಂದಿನಿಂದ ಯಂತ್ರದ ಕೊರೆಯುವ ಸದ್ದು ಕೇಳಿಸುತ್ತಿತ್ತು. ನನ್ನ ಪ್ರಶ್ನೆಗಳಿಗೆ ಅವಳು ಇಲ್ಲ, ಇಲ್ಲ, ಇಲ್ಲ ಎಂದು ಹೇಳಿ, “ಗಿರಾಕಿ ಬಂದಿದ್ದಾರೆ ಅಕ್ಕ, ಇಡ್ತೀನಿ,” ಎನ್ನುತ್ತಿದ್ದಳು. ಸುಧಾರಿಸಿಯೇ ಬಿಟ್ಟನೇನೋ ಎಂದು ನನಗೂ ಒಂದೆರಡು ಸಲ ಅನ್ನಿಸಿತ್ತು.

ಕಣ್ಣು ತೆರೆಸಿದವಳು ಬೇಕರಿಯವನ ಹೆಂಡತಿ. ಅವಳೂ ಎಲ್ಲದಕ್ಕೂ ‘ಇಲ್ಲ’ ಎಂದಳು. ಫೋನ್ ಇಡುವಷ್ಟರಲ್ಲಿ, “ಈಗ ಮಾತಾಡ್ತಾರೆ ಅಷ್ಟೇ ಅಕ್ಕ,” ಎಂದು ನಕ್ಕಳು. ಆ ನಗು ನನಗೆ ಸರಿ ಕಾಣಲಿಲ್ಲ.

“ಮಾತಾಡ್ತಾರೆ ಅಂದ್ರೆ?”

“ಅಡುಗೆಮನೆ ಬಾಗಿಲು ಹಾಕ್ಕೊಂಡು ಮಾತಾಡ್ತಾರೆ. ನಾನು ಹೂಂ ಅನ್ನೋವರೆಗೂ. ಒಲೆ ಮೇಲೆ ಹಾಲು ಉಕ್ಕಿ ಹೋದ್ರೂ ಏಳೋ ಹಾಗಿಲ್ಲ. ಮಗು ಆಚೆ ಬಾಗಿಲು ಬಡೀತಾ ಇದ್ರೂ ಏಳೋ ಹಾಗಿಲ್ಲ. ಏನಾದ್ರೂ ಅಂದ್ರೆ, ‘ನಾನು ಧ್ವನಿ ಏರಿಸಿದೀನಾ? ಕೈ ಎತ್ತಿದೀನಾ? ಮಾತಾಡ್ತಾ ಇದೀನಿ ಅಷ್ಟೇ’ ಅಂತಾರೆ. ಮೊದ್ಲು ಎರಡು ಏಟು ಹಾಕಿ ಹೊರಗೆ ಹೋಗ್ತಿದ್ರು. ನಿಜ ಹೇಳ್ಲಾ ಅಕ್ಕ, ಅದೇ ವಾಸಿ ಇತ್ತು.”

ಅದೇ ವಾಸಿ ಇತ್ತು ಅಂತೆ. ನಮ್ಮ ಕೇಂದ್ರಕ್ಕೆ ಸಿಕ್ಕಿದ ಪ್ರಶಸ್ತಿ ಅದು. ಮುಂದಿನ ನಂಬರು ಕಟ್ಟಡದ ಕಾವಲುಗಾರನ ಹೆಂಡತಿಯದು. ಈ ಸಲ ನಿಗದಿಯಾದ ಪ್ರಶ್ನೆಗಳನ್ನು ಬದಿಗಿಟ್ಟು, ಅವರು ಮಾತಾಡುವುದು ಹೇಗೆ ಎಂದು ಕೇಳಿದೆ. ಬಚ್ಚಲುಮನೆಯಲ್ಲಿ ಎಂದಳು. ಬಕೆಟ್ ಬೋರಲು ಹಾಕಿ ತನ್ನನ್ನು ಅದರ ಮೇಲೆ ಕೂರಿಸಿ, ಗಂಡ ಬಾಗಿಲಿಗೆ ಒರಗಿ ನಿಲ್ಲುತ್ತಾನಂತೆ. ಆಮೇಲೆ ಗಂಡನ ಮಾತನ್ನು ಹೇಳಿದಳು. ನಾನು ಧ್ವನಿ ಏರಿಸಿದೀನಾ, ಕೈ ಎತ್ತಿದೀನಾ, ಮಾತಾಡ್ತಾ ಇದೀನಿ ಅಷ್ಟೇ. ಒಂದು ಪದ ಆಚೆ ಈಚೆ ಇಲ್ಲ.

ಆ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಊರಿನ ಎರಡು ತುದಿಯಲ್ಲಿದ್ದವರು. ಆದರೆ ಅವರ ಗಂಡಂದಿರು ಪ್ರತಿ ಶನಿವಾರ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು ಬಿಸ್ಕತ್ತು ಮೆಲ್ಲುತ್ತಿದ್ದರು. ಕಿಟಕಿಗೆ ಹೋಗಿ ಬಗ್ಗಿ ನೋಡಿದೆ. ಡ್ರೈವಿಂಗ್ ಮೇಷ್ಟ್ರು ಕೈ ಆಡಿಸುತ್ತಾ ತನ್ನ ಭಾನುವಾರದ ಮಾತುಕತೆ ಎಷ್ಟು ಚೆನ್ನಾಗಿ ಆಯಿತೆಂದು ವಿವರಿಸುತ್ತಿದ್ದ. ಬೇಕರಿಯವನು ಮುಂದೆ ಬಾಗಿ ಕೇಳುತ್ತಿದ್ದ. ಕಾವಲುಗಾರ ತಲೆದೂಗುತ್ತಿದ್ದ. ಡಾಕ್ಟರು ಸಂತೋಷದಿಂದ ಕಾಲು ಕುಣಿಸುತ್ತಿದ್ದರು. ಒಂದು ಮನೆಯ ಹೊಲಸು ಇನ್ನೊಂದು ಮನೆಗೆ ಹರಿಯಲು ನಾವೇ ಕಾಲುವೆ ತೋಡಿ, ಮೇಲೆ ಚಹಾ ಕೊಟ್ಟು ಕೂರಿಸಿದ್ದೆವು.

ಆ ದಿನ ಕನ್ನಡಕದವಳಿಗೆ ಕೊನೆಗೆ ಫೋನ್ ಮಾಡಿದೆ. ಹಿಂದಿನ ಯಂತ್ರದ ಸದ್ದು ನಿಲ್ಲುವವರೆಗೆ ಕಾದು, “ಭಾನುವಾರ ಎಲ್ಲಿ ಕೂತು ಮಾತಾಡ್ತೀರಮ್ಮ?” ಎಂದು ಕೇಳಿದೆ.

“ಯಾರು ಹೇಳಿದ್ರು ಅಕ್ಕ ನಿಮಗೆ?”

“ಯಾರೂ ಹೇಳಿಲ್ಲ. ನೀನೇ ಹೇಳು.”

ಕಾರಿನಲ್ಲಂತೆ. ಡ್ರೈವಿಂಗ್ ಸ್ಕೂಲಿನ ಕಾರು. ಊರಾಚೆ ಅವನು ಹೊಸಬರಿಗೆ ರಿವರ್ಸ್ ಕಲಿಸುವ ಒಂದು ಬಯಲಿದೆ. ಭಾನುವಾರ ಅಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಮಗಳನ್ನು ಪಕ್ಕದ ಮನೆಯಲ್ಲಿ ಬಿಡಿಸಿ, ಇವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಬಿಸಿಲಿನಲ್ಲಿ ಕಾರು ನಿಲ್ಲಿಸಿ, ಗಾಜು ಏರಿಸಿ, ಬಾಗಿಲು ಲಾಕ್ ಮಾಡಿ, ಇವಳ ಮೊಬೈಲನ್ನು ಡಿಕ್ಕಿಯಲ್ಲಿ ಇಟ್ಟು ಮಾತು ಶುರು ಮಾಡುತ್ತಾನೆ. ಪಾಠದಲ್ಲಿ ಹೇಳಿದ ನಿಯಮ ಒಂದನ್ನೂ ಅವನು ಮೀರಿರಲಿಲ್ಲ.

“ಒಂದ್ಸಲ ತಡ್ಕೊಳ್ಳೋಕೆ ಆಗ್ಲೇ ಇಲ್ಲ ಅಕ್ಕ,” ಎಂದಳು. “ಬಾತ್‌ರೂಮಿಗೆ ಹೋಗ್ಬೇಕು ಅಂತ ಎಷ್ಟು ಕೇಳಿದೆ. ಮಾತು ಮುಗೀಲಿ, ಹೋಗೋಣ ಅಂದ್ರು. ಸೀಟಲ್ಲೇ ಆಗೋಯ್ತು. ಅವರು ಬೈಲಿಲ್ಲ. ಟಿಶ್ಯೂ ಕೊಟ್ರು. ‘ನೋಡು, ನಿನ್ನ ಹಟದಿಂದ ನಿನಗೇ ಎಷ್ಟು ಅವಮಾನ’ ಅಂದ್ರು.”

ಅವಳೇ ಮುಂದುವರಿಸಿದಳು. “ಏನೇನಕ್ಕೋ ಹೂಂ ಅಂದಿದೀನಿ. ಭುಜ ಮುರಿದ ದಿನ ನನ್ನ ನಾಲಿಗೇದೇ ತಪ್ಪು ಅಂತ ಒಪ್ಪಿದೀನಿ. ಅಂಗಡಿ ಕೆಲ್ಸ ಬಿಡ್ತೀನಿ ಅಂತ ಒಪ್ಪಿದೀನಿ. ಅವರು ಮನೆಗೆ ವಾಪಸ್ ಬರೋದು ಒಂದಕ್ಕೆ ಇನ್ನೂ ಹೂಂ ಅಂದಿಲ್ಲ. ಅದೊಂದೇ ಉಳಿದಿರೋದು ನನ್ನ ಹತ್ರ. ಅವರು ಬಂದ್ರೆ ನನಗೆ ಭಾನುವಾರ ಒಂದೇ ಅಲ್ಲ ಅಕ್ಕ, ದಿನಾ ಅದೇ. ಮಗಳೂ ಅದನ್ನೇ ನೋಡ್ತಾ ಬೆಳೀತಾಳೆ.”

“ಇಷ್ಟು ದಿನ ಯಾಕಮ್ಮ ಹೇಳಲಿಲ್ಲ?”

“ಏನಂತ ಹೇಳ್ಲಿ? ಗಂಡ ಮಾತಾಡಿದ ಅಂತಾನಾ?”

ಫೋನ್ ಇಟ್ಟವಳೇ ದಡದಡನೆ ಇಳಿದು ನಿರ್ದೇಶಕಿಯ ಕೋಣೆಗೆ ಹೋದೆ. ನಾವು ಅವರನ್ನು ದೊಡ್ಡ ಮೇಡಂ ಎನ್ನುತ್ತೇವೆ. ಮೆತ್ತಗಿನ ಮನುಷ್ಯೆ. ಈ ಕೇಂದ್ರವನ್ನು ಬರಿಗೈಯಿಂದ ಕಟ್ಟಿದವರು. ಅವರ ಗಂಟಲಿನಿಂದ ಜೋರು ಮಾತು ಬಂದದ್ದನ್ನು ನಾವ್ಯಾರೂ ಕೇಳಿರಲಿಲ್ಲ. ಡಾಕ್ಟರನ್ನೂ ಕರೆಸಿದರು. ಹೆಂಗಸರು ಹೇಳಿದ್ದು ಗಂಡಂದಿರ ಕಿವಿಗೆ ಬೀಳಬಾರದು ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡು ಎಲ್ಲವನ್ನೂ ಒದರಿದೆ. ಡಾಕ್ಟರ ಮುಖ ಹುಳ್ಳಗಾಯಿತು.

“ಅಭ್ಯಾಸ ಸ್ವಲ್ಪ ಅತಿ ಆಗಿರಬಹುದು,” ಎಂದರು. “ಪಾಠದಲ್ಲಿ ತಪ್ಪಿಲ್ಲ.”

ದೊಡ್ಡ ಮೇಡಂ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ಹೊಡೆದಿಲ್ಲ ತಾನೇ?”

“ಇಲ್ಲ ಮೇಡಂ.”

“ಕೂಗಾಡಿಲ್ಲ?”

“ಇಲ್ಲ.”

“ನೋಡಿ, ಮೂಳೆ ಮುರೀತಿದ್ದವನು ಈಗ ಮಾತಾಡೋ ಹಂತಕ್ಕೆ ಬಂದಿದ್ದಾನೆ. ನಾವು ಅದನ್ನ ಕಡಿಮೆ ಅಂತ ಅಂದ್ಕೋಬಾರದು. ಮುಂದಿನ ತಂಡಕ್ಕೆ ಅವನನ್ನೇ ಹಿರಿಯಣ್ಣನಾಗಿ ಕೂರಿಸೋಣ ಅಂತ ಇದ್ದೆ ನಾನು.”

ಹಿರಿಯಣ್ಣನಂತೆ. ತರಗತಿ ಮುಗಿಸಿದವರಲ್ಲಿ ಒಬ್ಬನನ್ನು ಆರಿಸಿ ಹೊಸಬರಿಗೆ ದಾರಿ ತೋರಿಸಲು ಇಟ್ಟುಕೊಳ್ಳುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅವನು ಎಂಥ ದಾರಿ ತೋರಿಸುತ್ತಾನೆಂದು ನಾನು ಈಗಷ್ಟೇ ಫೋನಿನಲ್ಲಿ ಕೇಳಿ ಬಂದಿದ್ದೆ. ಸಿಟ್ಟಿನಲ್ಲಿ ಏನೇನು ಅಂದೆನೋ, ನೆನಪಿಲ್ಲ. ದೊಡ್ಡ ಮೇಡಂ ಮಾತ್ರ ತಮ್ಮ ಮೆತ್ತಗಿನ ದನಿಯಲ್ಲೇ, “ಕೊನೆಯ ಕೂಟ ಇದೆಯಲ್ಲ, ಅಲ್ಲೇ ನೋಡೋಣ,” ಎಂದು ನನ್ನನ್ನು ಸಾಗಹಾಕಿದರು.

ಕೊನೆಯ ಕೂಟ ಎಂದರೆ ಪರೀಕ್ಷೆ ಇದ್ದ ಹಾಗೆ. ತರಗತಿ ಮುಗಿಸಿದ ಗಂಡ ತನ್ನ ಹೆಂಡತಿಯೊಡನೆ ನಮ್ಮೆದುರು ಕೂತು ಒಂದು ಮಾತುಕತೆಯನ್ನು ನಡೆಸಿ ತೋರಿಸಬೇಕು. ಅದನ್ನು ನೋಡಿ ದೊಡ್ಡ ಮೇಡಂ ಕೋರ್ಟಿಗೆ ಬರೆಯುತ್ತಾರೆ. ಬರುವುದು ಬೇಡ, ನಿನಗೆ ಹುಷಾರಿಲ್ಲ ಎಂದು ಹೇಳುತ್ತೇನೆ ಎಂದು ಕನ್ನಡಕದವಳಿಗೆ ನಾನೇ ಹೇಳಿದೆ. ಅವಳು ಒಪ್ಪಲಿಲ್ಲ.

“ಬರ್ದೇ ಇದ್ರೆ ನಾನು ಸಹಕಾರ ಕೊಡ್ತಿಲ್ಲ ಅಂತ ಬರೀತಾರೆ. ಬರ್ತೀನಿ ಅಕ್ಕ. ನೀವು ಅಲ್ಲೇ ಇರಿ. ನಾನು ಹೂಂ ಅನ್ನಲ್ಲ, ಅಷ್ಟೇ. ಎಷ್ಟೊತ್ತಾದ್ರೂ ಅನ್ನಲ್ಲ. ಅವರು ಏನು ಮಾಡ್ತಾರೋ ಮಾಡ್ಲಿ, ಎಲ್ಲರೂ ನೋಡ್ಲಿ. ನೀವು ಮಧ್ಯೆ ಬಾಯಿ ಹಾಕ್ಬೇಡಿ.”

ಕೂಟಕ್ಕೆ ಮೀಸಲಾದ ಕೋಣೆ ಕೆಳಗೆ ಮೂಲೆಯಲ್ಲಿದೆ. ಹಿಂದೆ ಅದು ಕಡತ ತುಂಬುವ ಉಗ್ರಾಣವಾಗಿತ್ತು. ಒಂದೇ ಬಾಗಿಲು. ಕಿಟಕಿಯ ಚೌಕಟ್ಟಿಗೆ ಯಾರೋ ಬಣ್ಣ ಬಳಿದ ಮೇಲೆ ಅದು ಅಂಟಿಕೊಂಡು ತೆರೆಯುವುದೇ ಇಲ್ಲ. ನಿಯಮದ ಪ್ರಕಾರ ಎಲ್ಲರೂ ಮೊಬೈಲುಗಳನ್ನು ಆಚೆಯ ಬುಟ್ಟಿಯಲ್ಲಿ ಹಾಕಿ ಒಳಗೆ ಹೋದೆವು. ಅವನು ಎಲ್ಲರಿಗಿಂತ ಮೊದಲೇ ಬಂದು ಕುರ್ಚಿಗಳನ್ನು ಜೋಡಿಸಿದ್ದ. ಹೆಂಡತಿಗೆ ಗೋಡೆಯ ಕಡೆಯ ಕುರ್ಚಿ. ನಮಗೆ ಪಕ್ಕದಲ್ಲಿ ಸಾಲಾಗಿ. ಎಲ್ಲರೂ ಕೂತ ಮೇಲೆ ಬಾಗಿಲು ಹಾಕಿ, ತನ್ನ ಕುರ್ಚಿಯನ್ನು ಅದರ ಎದುರಿಗೇ ಎಳೆದುಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಆ ಸುಗಂಧದ ವಾಸನೆ ಇಡೀ ಕೋಣೆಗೆ ಹಬ್ಬಿತು.

“ನೀರು ಬೇಕಾ ನಿನಗೆ?” ಎಂದು ಹೆಂಡತಿಯನ್ನು ಕೇಳಿದ. ಡಾಕ್ಟರು ನನ್ನ ಕಡೆ ತಿರುಗಿ ಹುಬ್ಬೇರಿಸಿದರು, ನೋಡಿದಿರಾ ಎಂಬಂತೆ.

“ಬೇಡ.”

“ನಾನು ಮನೆಗೆ ಬರೋ ವಿಷಯ ಮಾತಾಡೋಣ. ನಿನ್ನ ಅಭಿಪ್ರಾಯ ಮೊದಲು ಹೇಳು. ನಾನು ಕೇಳಿಸ್ಕೋತೀನಿ.”

“ಬರೋದು ಬೇಡ.”

“ಸರಿ. ನಿನ್ನ ಮಾತಿಗೆ ಗೌರವ ಕೊಡ್ತೀನಿ. ಯಾಕೆ ಬೇಡ ಅನ್ಸುತ್ತೆ?”

“ಭಯ ಆಗುತ್ತೆ.”

“ಭಯ. ಹೂಂ. ಆ ಭಯಕ್ಕೆ ಕಾರಣ ನಾನು. ಒಪ್ಕೋತೀನಿ.” ಇಲ್ಲಿ ಕಣ್ಣು ಮುಚ್ಚಿದ. ಡಾಕ್ಟರ ಕಣ್ಣು ಒದ್ದೆಯಾಯಿತು. “ಆದ್ರೆ ಈಗಿನ ನಾನು ಬೇರೆ. ಅದನ್ನ ನೀನು ಒಪ್ತೀಯಾ?”

“ಗೊತ್ತಿಲ್ಲ. ಮನೆಗೆ ಬೇಡ.”

ಹೀಗೇ ನಡೆಯಿತು. ಅವನು ಮಗಳ ಮಾತು ತೆಗೆದ, ಮಗಳಿಗೆ ಅಪ್ಪ ಬೇಕಲ್ಲವಾ ಎಂದ. ಬೇಡ ಎಂದಳು. ತನ್ನ ಅಕ್ಕನ ಮನೆಯಲ್ಲಿ ಎಷ್ಟು ದಿನ ಹೊರೆಯಾಗಿ ಇರಲಿ ಎಂದ. ಬೇಡ ಎಂದಳು. ಬೇಡ ಅನ್ನುವುದಕ್ಕೆ ನಿನಗೆ ಯಾರು ಹೇಳಿಕೊಟ್ಟರು ಎಂದು ಕೇಳಿ, ನನ್ನ ಕಡೆ ಒಂದು ಮಂದಹಾಸ ಬೀರಿದ. ಎರಡು ಕೈಯನ್ನೂ ತೊಡೆಯ ಮೇಲೆ ಬಿಡಿಸಿ ಇಟ್ಟುಕೊಂಡು, ಬೆಣ್ಣೆಯಂಥ ದನಿಯಲ್ಲಿ, ಮೊದಲಿನಿಂದ ಮತ್ತೆ ಶುರು ಮಾಡಿದ. ಅದೇ ಪ್ರಶ್ನೆ, ಅದೇ ಕ್ರಮ. ಅವಳು ಉತ್ತರ ಬದಲಿಸಲಿಲ್ಲ, ಅವನು ಪ್ರಶ್ನೆ ಬದಲಿಸಲಿಲ್ಲ.

ಮೊದಮೊದಲು ತಲೆದೂಗುತ್ತಿದ್ದ ಡಾಕ್ಟರು ಆಮೇಲೆ ಕಾಲು ಬದಲಿಸಿ ಕೂತರು. ಆಮೇಲೆ ಕಾಲರಿನ ಗುಂಡಿ ತೆಗೆದರು. ಕೋಣೆಯಲ್ಲಿ ಗಾಳಿ ಆಡುತ್ತಿರಲಿಲ್ಲ. ಕಚೇರಿಯವರು ಊಟಕ್ಕೆ ಹೋಗುವ ಸದ್ದು, ಬಂದ ಸದ್ದು ಎರಡೂ ಆಚೆಯಿಂದ ಕೇಳಿಸಿದವು. ನನಗೆ ಅವನ ಮಾತಿನ ಅರ್ಥ ಕೇಳಿಸುವುದು ನಿಂತು, ನಾಲಿಗೆ ಅಂಗುಳಿಗೆ ತಾಗುವ ಲೊಚಗುಟ್ಟುವ ಸದ್ದಷ್ಟೇ ಕೇಳಿಸತೊಡಗಿತು. ಎದ್ದು ಅವನ ಬಾಯಿಯನ್ನು ಅಂಗೈಯಿಂದ ಮುಚ್ಚಬೇಕೆನ್ನಿಸಿತು, ಮರುಕ್ಷಣ ಆ ತುಟಿಗೆ ಕೈ ತಾಗುವುದನ್ನು ನೆನೆದು ಅಂಗೈ ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡೆ. ಬಾಯಿ ತೆರೆಯಲು ಹೋದೆ. ಕನ್ನಡಕದವಳು ಕಂಡೂ ಕಾಣದಂತೆ ತಲೆ ಅಲ್ಲಾಡಿಸಿದಳು.

ಡಾಕ್ಟರು ಗಂಟಲು ಸರಿಪಡಿಸಿಕೊಂಡರು. “ಸಾಕು ಅನ್ಸುತ್ತೆ. ನಾವು ನೋಡಿದ್ವಿ. ಚೆನ್ನಾಗಿತ್ತು.”

“ಒಪ್ಪಂದ ಆಗಿಲ್ವಲ್ಲ ಸರ್,” ಎಂದ ಅವನು, ವಿನಯದಿಂದ. “ಅರ್ಧಕ್ಕೆ ಏಳಬಾರದು ಅಂತ ನೀವೇ ಹೇಳ್ಕೊಟ್ಟಿದ್ದು. ಈಗ ಎದ್ರೆ ಇವಳಿಗೂ ಅಭ್ಯಾಸ ತಪ್ಪಿಹೋಗುತ್ತೆ.”

ಡಾಕ್ಟರು ಅರ್ಧ ಎದ್ದವರು ಹಾಗೇ ಕೂತರು. ತಾವು ಕಲಿಸಿದ ನಿಯಮವನ್ನು ತಾವೇ ಮುರಿಯುವುದು ಹೇಗೆ? ದೊಡ್ಡ ಮೇಡಂ, “ನನಗೆ ಇನ್ನೊಂದು ಸಭೆ ಇದೆಯಪ್ಪ,” ಎಂದು ಬಾಗಿಲ ಕಡೆ ನೋಡಿದರು. ಅವನು ಕುರ್ಚಿಯಿಂದ ಅಲ್ಲಾಡಲಿಲ್ಲ. “ಐದೇ ನಿಮಿಷ ಮೇಡಂ. ಇವಳು ಹತ್ತಿರ ಬಂದಿದ್ದಾಳೆ. ನನಗೆ ಗೊತ್ತಾಗುತ್ತೆ,” ಎಂದ. ಹೊಸದಾಗಿ ಗಾಡಿ ಕಲಿಯುವವರಿಗೆ ಹೇಳುವ ಹಾಗೆ ಹೇಳಿದ. ಅವರು ಮರ್ಯಾದಸ್ಥರು. ಮರ್ಯಾದೆಯಿಂದ ಮಾತಾಡುವವನನ್ನು ತಳ್ಳಿ ಆಚೆ ಹೋಗುವುದು ಅವರಿಗೆ ಗೊತ್ತಿರಲಿಲ್ಲ.

ಐದು ನಿಮಿಷ ಯಾವಾಗಲೋ ದಾಟಿತು. ಅವನು ಮತ್ತೆ ಮಗಳಿಂದ ಶುರು ಮಾಡಿದ್ದ. ದೊಡ್ಡ ಮೇಡಂ ಹಣೆಯ ಬೆವರನ್ನು ಸೆರಗಿನಿಂದ ಒರೆಸಿಕೊಂಡರು. ಸಕ್ಕರೆ ಕಾಯಿಲೆಯವರು, ಊಟದ ಹೊತ್ತು ಮೀರಿತ್ತು. ಒಮ್ಮೆ ಬಾಗಿಲು ನೋಡಿದರು, ಒಮ್ಮೆ ತೆರೆಯದ ಕಿಟಕಿ ನೋಡಿದರು. ಅವನು ಏಳನೆಯ ಸಲವೋ ಎಂಟನೆಯ ಸಲವೋ, “ಹಾಗಾದ್ರೆ ನಾನು ಮನೆಗೆ ಬರಬಹುದಾ?” ಎಂದು ಕೇಳಿದ. ಕನ್ನಡಕದವಳು ‘ಬೇಡ’ ಎನ್ನಲು ತುಟಿ ತೆರೆದಳು.

“ಅಯ್ಯೋ, ಹೂಂ ಅಂದ್ಬಿಡಮ್ಮಾ!” ಎಂದರು ದೊಡ್ಡ ಮೇಡಂ. “ಮುಗೀಲಿ!”

ಅವನ ಮುಖದ ಮೇಲೆ ನಿಧಾನವಾಗಿ ನಗು ಹರಡಿತು. ಒಂದು ಗಾಡಿಯನ್ನು ಇಕ್ಕಟ್ಟಾದ ಜಾಗದಲ್ಲಿ ಸರಿಯಾಗಿ ನಿಲ್ಲಿಸಿದವನ ನಗು. “ಥ್ಯಾಂಕ್ಸ್ ಮೇಡಂ,” ಎಂದು ಕೈ ಮುಗಿದ.

ಕನ್ನಡಕದವಳು ಗಂಡನ ಕಡೆ ನೋಡಲೇ ಇಲ್ಲ. ದೊಡ್ಡ ಮೇಡಂ ಕಡೆ ತಿರುಗಿದಳು. ಅವಳಲ್ಲಿ ಸಿಟ್ಟಿರಲಿಲ್ಲ.

“ನೋಡಿದ್ರಾ ಮೇಡಂ,” ಎಂದಳು. “ನಿಮ್ಮನ್ನ ಅವರು ಮುಟ್ಟೂ ಇಲ್ಲ.”

ದೊಡ್ಡ ಮೇಡಂ ತಮ್ಮ ಬಾಯಿಂದ ಬಿದ್ದ ಮಾತು ಎಲ್ಲಿ ಬಿತ್ತೆಂದು ಹುಡುಕುವವರಂತೆ ನೆಲ ನೋಡಿದರು. ಆಮೇಲೆ ಎದ್ದರು. ಅವನು ಕೂತೇ ಇದ್ದ. “ಮೇಡಂ, ಇನ್ನೊಂದೇ ಒಂದು...” ಎಂದು ಶುರು ಮಾಡಿದ.

“ಬಾಗಿಲು ಬಿಡೋ!” ಎಂದು ದೊಡ್ಡ ಮೇಡಂ ಕಿರುಚಿದರು. ಆಚೆ ಟೈಪ್ ಮಾಡುತ್ತಿದ್ದ ಸದ್ದು ನಿಂತುಹೋಯಿತು. “ಏಳೋ ಮೇಲೆ! ಬಿಡೋ ಬಾಗಿಲು!”

ಅವನು ನೊಂದವನಂತೆ ಡಾಕ್ಟರ ಕಡೆ ನೋಡಿ, ಕುರ್ಚಿ ಸರಿಸಿದ. ನಾನು ಕನ್ನಡಕದವಳ ತೋಳು ಹಿಡಿದು ಮೊದಲು ಆಚೆ ಕರೆತಂದೆ. ಅವಳ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು. ಬಚ್ಚಲು ಎಲ್ಲಿ ಎಂದು ಕೇಳಿದಳು. ತೋರಿಸಿದೆ. ವಾಪಸು ಬಂದು ಮುಖ ಒರೆಸಿಕೊಂಡು, “ಅರ್ಧ ದಿನ ಮಾತ್ರ ರಜೆ ಅಕ್ಕ,” ಎಂದಳು. ಹಿಂಬಾಗಿಲಿನಿಂದ ಅವಳನ್ನು ಆಟೋ ಹತ್ತಿಸಿದೆ.

ನಾನು ಒಳಗೆ ಬಂದಾಗ ದೊಡ್ಡ ಮೇಡಂ ನಿಂತುಕೊಂಡೇ ಬರೆಯುತ್ತಿದ್ದರು. ಇವನು ಮನೆಗೆ ಹೋಗತಕ್ಕವನಲ್ಲ, ಭಾನುವಾರದ ಭೇಟಿಯನ್ನೂ ನಿಲ್ಲಿಸಬೇಕು, ಹೆಂಡತಿ ಮಗಳ ಹತ್ತಿರ ಸುಳಿಯದಂತೆ ಆದೇಶ ಬೇಕು ಎಂದು ಬರೆದು, ಅವನೆದುರೇ ಗಟ್ಟಿಯಾಗಿ ಓದಿ ಸಹಿ ಹಾಕಿದರು. ಅವನು ಅಷ್ಟನ್ನೂ ತಲೆ ಬಾಗಿಸಿಕೊಂಡು ಕೇಳಿದ. ಕೂಗಾಡಿದ್ದರೆ ನನಗೆ ಒಂದಿಷ್ಟು ಸಮಾಧಾನ ಆಗುತ್ತಿತ್ತು. ಅವನು ಅಂಗಿ ಸರಿಮಾಡಿಕೊಂಡು, ಬುಟ್ಟಿಯಿಂದ ಮೊಬೈಲು ಎತ್ತಿಕೊಂಡು, ಡಾಕ್ಟರ ಮುಂದೆ ಹೋಗಿ ನಿಂತ.

“ನಿಮ್ಮಿಂದ ತುಂಬ ಕಲಿತೆ ಸರ್,” ಎಂದು ಕೈ ಚಾಚಿದ.

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಡಾಕ್ಟರಿಗೂ ಅದು ಗೊತ್ತಾಯಿತು ಎಂದು ಕಾಣುತ್ತದೆ, ಆದರೆ ರೂಢಿಯ ಬಲದಿಂದ ಅವರ ಕೈ ಆಗಲೇ ಮುಂದೆ ಹೋಗಿತ್ತು. ಅವನು ಅದನ್ನು ಎರಡು ಕೈಯಿಂದ ಹಿಡಿದು ಕುಲುಕಿ ಹೋದ. ಡಾಕ್ಟರು ಆ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು ಹಾಗೇ ನಿಂತಿದ್ದರು. ಎಲ್ಲಿ ಒರೆಸಿಕೊಳ್ಳಬೇಕೆಂದು ನಾನು ಹೇಳಲಿಲ್ಲ.